ತಗಡಿನ ಮುಂದೆ ವಿದ್ಯಾರ್ಥಿ: ಎಚ್ಚಿಂಗ್ ಕಲಿಕೆ ಮತ್ತು ಮೂವರು ಭಾರತೀಯ ಅಚ್ಚುಕಲಾವಿದರು

ಭಾರತದ ಆಧುನಿಕ ಕಲೆಯನ್ನು ಕುರಿತ ಬರವಣಿಗೆಯಲ್ಲಿ ಅಚ್ಚುಕಲೆಗೆ ದೊರೆತಿರುವ ಸ್ಥಾನ ವಿಚಿತ್ರವಾದುದು. ವರ್ಣಚಿತ್ರಕಾರರ ವಿಷಯದಲ್ಲಿ ಅವರ ದೃಷ್ಟಿ, ಕಾಲ, ವಸ್ತು ಇವೆಲ್ಲ ಚರ್ಚೆಗೆ ಬರುತ್ತವೆ. ಅಚ್ಚುಕಲಾವಿದರ ವಿಷಯಕ್ಕೆ ಬಂದೊಡನೆ ಮಾತು ತಂತ್ರದ ಕಡೆಗೆ ಹೊರಳುತ್ತದೆ. ಎಚ್ಚಿಂಗ್, ಆಕ್ವಾಟಿಂಟ್, ಡ್ರೈಪಾಯಿಂಟ್, ವಿಸ್ಕಾಸಿಟಿ ಎಂಬ ಹೆಸರುಗಳ ಪಟ್ಟಿ ಕೊಟ್ಟಲ್ಲಿಗೆ ವಿಮರ್ಶೆ ತನ್ನ ಕರ್ತವ್ಯ ಮುಗಿಯಿತೆಂದು ಭಾವಿಸಿಕೊಳ್ಳುತ್ತದೆ. ತಂತ್ರವನ್ನು ಹೆಸರಿಸುವುದು ಬೇರೆ, ತಂತ್ರವನ್ನು ಓದುವುದು ಬೇರೆ. ಕನ್ನಡದ ಕಲಾಬರಹವೂ ಈ ದೌರ್ಬಲ್ಯದಿಂದ ಮುಕ್ತವಾಗಿಲ್ಲ.

ಕಲಾವಿದನೊಬ್ಬ ವಿದ್ಯಾರ್ಥಿಯಾಗಿದ್ದಾಗ ಲೋಹದ ತಗಡನ್ನು ಏನೆಂದು ತಿಳಿದುಕೊಂಡ ಎಂಬ ಪ್ರಶ್ನೆ ಮೇಲುನೋಟಕ್ಕೆ ಸಣ್ಣದು. ಆದರೆ ಮುಂದೆ ಅವನ ಕೃತಿಗಳು ಪಡೆಯುವ ಅರ್ಥದ ಬಹುಭಾಗ ಆ ತಿಳಿವಳಿಕೆಯಲ್ಲಿಯೇ ಅಡಗಿರುತ್ತದೆ. ಮುಕುಲ್ ದೇ (1895–1989), ಕೃಷ್ಣ ರೆಡ್ಡಿ (1925–2018) ಮತ್ತು ಸೋಮನಾಥ ಹೋರ್ (1921–2006) ಈ ಮೂವರನ್ನು ಇಲ್ಲಿ ಸಿದ್ಧಿಪಡೆದ ಕಲಾವಿದರೆಂಬುದಕ್ಕಿಂತ ವಿದ್ಯಾರ್ಥಿಗಳೆಂಬ ನೆಲೆಯಲ್ಲಿ ನೋಡಲು ಯತ್ನಿಸಲಾಗಿದೆ. ಮೂವರೂ ಹೆಚ್ಚುಕಡಿಮೆ ಒಂದೇ ವಿದ್ಯೆಯನ್ನು ಕಲಿತವರು. ಕಲಿತ ಪಾಠ ಮಾತ್ರ ಒಂದೇ ಅಲ್ಲ.

ಆ ವಿದ್ಯೆಯ ಸ್ವರೂಪವನ್ನು ಮೊದಲು ಗಮನಿಸಬೇಕು. ಎಚ್ಚಿಂಗ್ ಕಲಿಯಲು ಬಂದ ವಿದ್ಯಾರ್ಥಿ ಮೊದಮೊದಲು ಚಿತ್ರ ಬರೆಯುವುದೇ ಇಲ್ಲ. ತಾಮ್ರದ ಅಥವಾ ಸತುವಿನ ತಗಡಿನ ಅಂಚುಗಳನ್ನು ಅರದಿಂದ ಓರೆಯಾಗಿ ಉಜ್ಜುತ್ತಾನೆ. ಹಾಗೆ ಉಜ್ಜದಿದ್ದರೆ ಪ್ರೆಸ್ಸಿನ ಒತ್ತಡದಲ್ಲಿ ಅಂಚು ಕಾಗದವನ್ನು ಹರಿದು ಅದರ ಮೇಲಿನ ಫೆಲ್ಟ್ ಕಂಬಳಿಯನ್ನೂ ಕತ್ತರಿಸುತ್ತದೆ. ಮೇಲ್ಮೈಗೆ ಹೊಳಪು ಕೊಟ್ಟು, ಜಿಡ್ಡು ತೆಗೆದು, ಜೇನುಮೇಣ, ರಾಳ ಮತ್ತು ಆಸ್ಫಾಲ್ಟಂ ಬೆರೆಸಿ ಮಾಡಿದ ‘ಗ್ರೌಂಡ್’ ಎಂಬ ರಕ್ಷಾಲೇಪವನ್ನು ತೆಳುವಾಗಿ ಹರಡುತ್ತಾನೆ. ಅದಾದ ಮೇಲಷ್ಟೇ ಸೂಜಿ ಕೈಗೆ ಬರುತ್ತದೆ. ಸೂಜಿಯೂ ಲೋಹವನ್ನು ಕೊರೆಯುವುದಿಲ್ಲ, ಲೇಪವನ್ನಷ್ಟೇ ಸರಿಸುತ್ತದೆ. ಲೇಪ ಸರಿದ ಕಡೆ ಬತ್ತಲಾದ ಲೋಹವನ್ನು ಕೊರೆಯುವುದು ಆಮ್ಲ. ಚಿತ್ರಕಾರನ ಕೈ ಮತ್ತು ಚಿತ್ರದ ಗೆರೆ ಇವುಗಳ ನಡುವೆ ಮೂರನೆಯದೊಂದು ಶಕ್ತಿ ಪ್ರವೇಶಿಸುತ್ತದೆ. ರೇಖಾಚಿತ್ರದಲ್ಲಿ ನುರಿತ ವಿದ್ಯಾರ್ಥಿ ಮೊದಲು ತಡವರಿಸುವುದು ಇಲ್ಲಿಯೇ.

ಪೆನ್ಸಿಲಿನಲ್ಲಿ ಒತ್ತಿದರೆ ಗೆರೆ ಕಪ್ಪಾಗುತ್ತದೆ. ಎಚ್ಚಿಂಗಿನಲ್ಲಿ ಒತ್ತುವುದರಿಂದ ಆಗುವ ಪ್ರಯೋಜನ ಅಲ್ಪ. ತಗಡು ಆಮ್ಲದಲ್ಲಿ ಎಷ್ಟು ಹೊತ್ತು ಮುಳುಗಿರುತ್ತದೆಯೋ ಗೆರೆ ಅಷ್ಟು ಆಳವಾಗುತ್ತದೆ, ಅಷ್ಟು ಮಸಿ ಹಿಡಿಯುತ್ತದೆ. ತಿಳಿಯಾಗಿಯೇ ಉಳಿಯಬೇಕಾದ ಗೆರೆಗಳಿದ್ದರೆ ತಗಡನ್ನು ಹೊರತೆಗೆದು, ತೊಳೆದು, ಒಣಗಿಸಿ, ಆ ಗೆರೆಗಳಿಗೆ ವಾರ್ನಿಷ್ ಹಚ್ಚಿ ಮುಚ್ಚಿ, ಉಳಿದವುಗಳನ್ನು ಮತ್ತೆ ಆಮ್ಲಕ್ಕೆ ಒಪ್ಪಿಸಬೇಕು. ಹತ್ತಿರದ್ದು, ದೂರದ್ದು, ನೆರಳು, ಬೆಳಕು ಎಲ್ಲವೂ ನಿಮಿಷಗಳ ಲೆಕ್ಕಕ್ಕೆ ಇಳಿಯುತ್ತವೆ. ಆಮ್ಲವಾದರೂ ಎಲ್ಲೆಡೆ ಒಂದೇ ರೀತಿ ವರ್ತಿಸುವುದಿಲ್ಲ. ನೈಟ್ರಿಕ್ ಆಮ್ಲ ರಭಸದ್ದು. ಗೆರೆಯುದ್ದಕ್ಕೂ ಗುಳ್ಳೆಗಳೇಳುತ್ತವೆ, ಅವುಗಳನ್ನು ಹಕ್ಕಿಯ ಗರಿಯಿಂದ ಮೆಲ್ಲಗೆ ಸವರಿ ತೆಗೆಯದಿದ್ದರೆ ಕೊರೆತ ಅಸಮವಾಗುತ್ತದೆ. ಫೆರಿಕ್ ಕ್ಲೋರೈಡ್ ನಿಧಾನದ್ದು. ಗುಳ್ಳೆಯಿಲ್ಲ, ಆದರೆ ಗೆರೆಗಳಲ್ಲಿ ಗಸಿ ಕೂರುತ್ತದೆ, ಆದ್ದರಿಂದ ತಗಡನ್ನು ಮಗುಚಿ ಅಥವಾ ನಿಲ್ಲಿಸಿ ಇಡಬೇಕಾಗುತ್ತದೆ. ತಾಮ್ರದ ಮೇಲೆ ನೈಟ್ರಿಕ್ ಆಮ್ಲ ಬಿದ್ದಾಗ ಏಳುವ ಕಂದು ಹೊಗೆ ಶ್ವಾಸಕೋಶಕ್ಕೆ ವಿಷ. ಕಿಟಕಿಯಿಲ್ಲದ ಕೋಣೆಯಲ್ಲಿ ಆಮ್ಲದ ತೊಟ್ಟಿಯಿಟ್ಟು ಇಪ್ಪತ್ತರ ಹರೆಯದವರನ್ನು ಗಂಟೆಗಟ್ಟಲೆ ಅದರ ಮುಂದೆ ನಿಲ್ಲಿಸುವುದು ಕಲಾಶಿಕ್ಷಣವೆನಿಸಿಕೊಳ್ಳಲಾರದು. ತಂತ್ರದ ಚರ್ಚೆಯಲ್ಲಿ ಈ ಮಾತು ಬಿಟ್ಟುಹೋಗುವುದೇ ಹೆಚ್ಚು.

ಮತ್ತೊಂದು ತೊಡಕು ಎಡಬಲಗಳದು. ತಗಡಿನ ಎಡ ಕಾಗದದ ಬಲವಾಗುತ್ತದೆ. ತಗಡಿನ ಮೂಲೆಯಲ್ಲಿ ಎಂದಿನಂತೆ ಸಹಿ ಗೀಚಿದ ವಿದ್ಯಾರ್ಥಿಗೆ ಮೊದಲ ಪ್ರತಿಯಲ್ಲಿ ತನ್ನ ಹೆಸರೇ ಅಪರಿಚಿತ ಲಿಪಿಯಂತೆ ಕಾಣಿಸುತ್ತದೆ. ಕನ್ನಡದ ದುಂಡು ಅಕ್ಷರಗಳನ್ನು ತಿರುವಿ ಬರೆಯುವುದು ಸುಲಭದ ಅಭ್ಯಾಸವಲ್ಲ. ಒತ್ತು ಯಾವ ಮಗ್ಗುಲಿಗೆ, ಕೊಂಬು ಯಾವ ಕಡೆಗೆ ಎಂಬುದನ್ನು ಕೈ ಹೊಸದಾಗಿ ಕಲಿಯಬೇಕು. ಇದನ್ನು ಕೇವಲ ಅನಾನುಕೂಲವೆಂದು ಬಗೆಯುವವರು ಟ್ರೇಸಿಂಗ್ ಕಾಗದದ ಮೊರೆಹೋಗುತ್ತಾರೆ. ತಾನು ಬರೆದದ್ದನ್ನು ಬೇರೊಬ್ಬರು ಬರೆದಂತೆ ನೋಡುವ ಅವಕಾಶ ಇದರಲ್ಲಿದೆ ಎಂದು ಕಂಡುಕೊಳ್ಳುವವರೂ ಉಂಟು. ಪ್ರೂಫ್ ತೆಗೆಯುವ ಪದ್ಧತಿಯ ತಿರುಳು ಇದೇ. ರೆಂಬ್ರಾಂಟ್ 1653ರಲ್ಲಿ ಮಾಡಿದ ‘ಮೂರು ಶಿಲುಬೆಗಳು’ ಎಂಬ ಪ್ರಸಿದ್ಧ ತಗಡನ್ನು ಹಂತಹಂತವಾಗಿ ಅಚ್ಚು ಹಾಕಿ ನೋಡಿದ. ನಾಲ್ಕನೆಯ ಹಂತಕ್ಕೆ ಬರುವಾಗ ಹಿಂದಿನ ಹಲವು ಆಕೃತಿಗಳನ್ನು ಅಳಿಸಿ, ದೃಶ್ಯದ ಬಹುಭಾಗವನ್ನು ಕತ್ತಲಿನಲ್ಲಿ ಮುಳುಗಿಸಿದ. ತನ್ನದೇ ಕೃತಿಯ ಎದುರು ಆತ ಮತ್ತೆ ವಿದ್ಯಾರ್ಥಿಯಾದದ್ದರ ದಾಖಲೆ ಆ ಹಾಳೆಗಳಲ್ಲಿ ಉಳಿದಿದೆ.

ಎಚ್ಚಿಂಗನ್ನು ಕಲಿಸುವ ಮೊದಲ ವಿಸ್ತೃತ ಕೈಪಿಡಿಯನ್ನು ಅಬ್ರಹಾಂ ಬಾಸ್ 1645ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಿಸಿದ. ಎಚ್ಚಿಂಗಿನ ಗೆರೆ ಬ್ಯೂರಿನ್ ಉಳಿಯಿಂದ ಕೊರೆದ ಗೆರೆಯನ್ನು ಹೋಲುವಂತಿರಬೇಕೆಂಬುದು ಅಲ್ಲಿಯ ಆದರ್ಶ. ಅಂದರೆ ಈ ವಿದ್ಯೆಯ ಮೊದಲ ಪಾಠಪುಸ್ತಕವೇ ಅದನ್ನು ಇನ್ನೊಂದು ವಿದ್ಯೆಯ ಅನುಕರಣೆಯಾಗಿ ಕಲಿಸಿತು. ಭಾರತಕ್ಕೆ ತಗಡಿನ ಅಚ್ಚು ಬಂದದ್ದೂ ಅನುಕರಣೆಯ, ಪ್ರತಿಕೃತಿಯ ಉಪಕರಣವಾಗಿಯೇ. ಥಾಮಸ್ ಡೇನಿಯಲ್ ಕಲ್ಕತ್ತದ ಹನ್ನೆರಡು ದೃಶ್ಯಗಳನ್ನು 1786ರಿಂದ 1788ರವರೆಗೆ ಅಲ್ಲಿಯೇ ಅಚ್ಚು ಹಾಕಿದ. ಕನ್ನಡನಾಡಿನ ಮಟ್ಟಿಗೆ ಹೇಳುವುದಾದರೆ, ಕಾರ್ನ್‌ವಾಲಿಸನ ಸೇನೆಯೊಡನೆ ಬಂದಿದ್ದ ರಾಬರ್ಟ್ ಹೋಮ್ ಬರೆದುಕೊಂಡ ಬೆಂಗಳೂರು, ಸಾವನದುರ್ಗ, ಶಿವಗಂಗೆಯ ನೋಟಗಳು 1794ರಲ್ಲಿ ಲಂಡನ್ನಿನಲ್ಲಿ ತಗಡಿನ ಚಿತ್ರಗಳಾಗಿ ಪ್ರಕಟವಾದವು. ಅವುಗಳನ್ನು ಕೊರೆದದ್ದು ಹೋಮನ ಕೈಯಲ್ಲ, ಲಂಡನ್ನಿನ ಕೊರೆತಗಾರರ ಕೈ. ಮಂಗಳೂರಿನಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದಾಗಲೂ ಅಚ್ಚು ಸುದ್ದಿಯ ವಾಹನವಾಗಿತ್ತೇ ಹೊರತು ಕಲೆಯ ಮಾಧ್ಯಮವಾಗಿರಲಿಲ್ಲ. ತಾಮ್ರದ ತಗಡಿನಲ್ಲಿ ಅಕ್ಷರ ಕೊರೆಯುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಶತಮಾನಗಳ ತಾಮ್ರಶಾಸನಗಳು ಅದಕ್ಕೆ ಸಾಕ್ಷಿ. ಆದರೆ ಶಾಸನದ ತಗಡು ತಾನೇ ಅಂತಿಮ ವಸ್ತು, ಅದಕ್ಕೆ ಮಸಿ ಸವರಿ ಕಾಗದ ಒತ್ತುವ ಪ್ರಮೇಯವೇ ಇರಲಿಲ್ಲ.

ಈ ಹಿನ್ನೆಲೆಯಲ್ಲಿ ಮುಕುಲ್ ದೇ ಅವರ ಕಲಿಕೆಯ ಮಹತ್ವ ಸ್ಪಷ್ಟವಾಗುತ್ತದೆ. ಶಾಂತಿನಿಕೇತನದಲ್ಲಿ ಓದಿ, ಅವನೀಂದ್ರನಾಥ ಠಾಕೂರರ ಮಾರ್ಗದರ್ಶನದಲ್ಲಿ ಬೆಳೆದ ಅವರು 1916ರಲ್ಲಿ ರವೀಂದ್ರನಾಥರೊಡನೆ ಜಪಾನಿಗೂ ಅಲ್ಲಿಂದ ಅಮೆರಿಕಕ್ಕೂ ತೆರಳಿದರು. ಚಿಕಾಗೋದಲ್ಲಿ ಜೇಮ್ಸ್ ಬ್ಲಾಂಡಿಂಗ್ ಸ್ಲೋನ್ ಅವರಿಂದ ಎಚ್ಚಿಂಗ್ ಕಲಿತರು. ಅಚ್ಚುಕಲೆಯನ್ನು ಕಲೆಯೆಂದೇ ಕಲಿಯಲು ಹೊರದೇಶದಲ್ಲಿ ಗುರುವನ್ನರಸಿದ ಮೊದಲ ಭಾರತೀಯರೆಂಬ ಹೆಗ್ಗಳಿಕೆ ಅವರದು. 1920ರಲ್ಲಿ ಮತ್ತೆ ಹೊರಟು ಲಂಡನ್ನಿನಲ್ಲಿ ಮ್ಯೂರ್‌ಹೆಡ್ ಬೋನ್ ಅವರ ಬಳಿ ಅಭ್ಯಾಸ ಮಾಡಿದರು. ಸ್ಲೇಡ್ ಶಾಲೆಯಲ್ಲಿಯೂ, ಫ್ರಾಂಕ್ ಶಾರ್ಟ್ ಬೋಧಿಸುತ್ತಿದ್ದ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿಯೂ ಓದಿದರು. 1928ರಲ್ಲಿ ಕಲ್ಕತ್ತದ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾದರು.

ಅವರಿಗೆ ದೊರೆತ ಗುರುಗಳೆಲ್ಲ ಇಂಗ್ಲೆಂಡಿನ ಎಚ್ಚಿಂಗ್ ಪುನರುಜ್ಜೀವನದ ಪರಂಪರೆಗೆ ಸೇರಿದವರು ಅಥವಾ ಅದರ ಪ್ರಭಾವಕ್ಕೆ ಒಳಗಾದವರು. ಆ ಪರಂಪರೆಯಲ್ಲಿ ಸೂಜಿ ಎಂದರೆ ಚಿತ್ರಕಾರನ ಸ್ವಂತ ಲೇಖನಿ, ಕೈಯ ಸಹಜ ಗೆರೆ ಯಾವ ಮಧ್ಯವರ್ತಿಯೂ ಇಲ್ಲದೆ ಕಾಗದಕ್ಕೆ ಬರಬೇಕು ಎಂಬುದು ಅದರ ನಂಬಿಕೆ. ಬಂಗಾಳ ಶೈಲಿಯಲ್ಲಿ ಪಳಗಿದ ಕೈಗೆ ಈ ನಂಬಿಕೆ ಬಹು ಸಹಜವಾಗಿ ಒಗ್ಗಿತು. ಅಜಂತಾ ಮತ್ತು ಬಾಘ್ ಗುಹೆಗಳ ಭಿತ್ತಿಚಿತ್ರಗಳನ್ನು ಪ್ರತಿಮಾಡಿ, ಆ ಯಾತ್ರೆಯ ಬಗ್ಗೆ 1925ರಲ್ಲಿ ಪುಸ್ತಕವನ್ನೇ ಪ್ರಕಟಿಸಿದವರು ದೇ. ಗೆರೆಯೇ ಅವರ ಪ್ರಾಣ. ಅವರ ಪ್ರಸಿದ್ಧ ಕೃತಿಗಳಲ್ಲಿ ಹೆಚ್ಚಿನವು ಆಮ್ಲದವಲ್ಲ, ಡ್ರೈಪಾಯಿಂಟಿನವು ಎಂಬ ಅಂಶವನ್ನು ವಿಮರ್ಶಕರು ಉಲ್ಲೇಖಿಸುತ್ತಾರೆ, ಆದರೆ ವಿವೇಚಿಸುವುದಿಲ್ಲ. ಡ್ರೈಪಾಯಿಂಟಿನಲ್ಲಿ ಲೇಪವಿಲ್ಲ, ಆಮ್ಲವಿಲ್ಲ. ಮೊನೆ ನೇರವಾಗಿ ತಾಮ್ರವನ್ನು ಸೀಳುತ್ತದೆ, ಸೀಳಿದ ಲೋಹ ಗೆರೆಯ ಮಗ್ಗುಲಿಗೆ ಏಳುತ್ತದೆ, ಆ ಏರುಅಂಚಿನಲ್ಲಿ ನಿಂತ ಮಸಿ ಮಖಮಲ್ಲಿನಂಥ ಮೃದುತ್ವ ಕೊಡುತ್ತದೆ. ಕೆಲವೇ ಡಜನ್ ಪ್ರತಿಗಳಾಗುವಷ್ಟರಲ್ಲಿ ಅಂಚು ಸವೆಯುತ್ತದೆ, ಗೆರೆ ಬಡವಾಗುತ್ತದೆ.

ಎಚ್ಚಿಂಗನ್ನು ಕಲಿತ ಕಲಾವಿದ ಆಮ್ಲವನ್ನು ಬದಿಗಿಟ್ಟು ಡ್ರೈಪಾಯಿಂಟಿನಲ್ಲಿ ನೆಲೆನಿಂತದ್ದು ಏಕೆ? ಕಾಯುವ, ಒಪ್ಪಿಸುವ, ಆಕಸ್ಮಿಕಕ್ಕೆ ಎಡೆಕೊಡುವ ಭಾಗವನ್ನು ಅವರು ಕಲಿಕೆಯಿಂದ ಸೋಸಿ ತೆಗೆದಂತಿದೆ. ರವೀಂದ್ರನಾಥರ, ಗಾಂಧೀಜಿಯವರ ಭಾವಚಿತ್ರಗಳಲ್ಲಿ, ಬಂಗಾಳದ ನದಿ ಮತ್ತು ಸಂತಾಲರ ಬದುಕಿನ ದೃಶ್ಯಗಳಲ್ಲಿ ತಗಡು ಒಂದು ಒಳ್ಳೆಯ ಕಾಗದದಂತೆ ವರ್ತಿಸುತ್ತದೆ. ಅದು ವಿಧೇಯ. ಆ ವಿಧೇಯತೆಯಿಂದಲೇ ಆ ಗೆರೆಗಳಿಗೆ ಅಪೂರ್ವವಾದ ಸ್ವಚ್ಛತೆ ಬಂದಿದೆ ಎಂಬುದನ್ನು ಒಪ್ಪಲೇಬೇಕು. ತಗಡು ತನ್ನದೇ ಆದ ಮಾತನ್ನು ಅಲ್ಲಿ ಆಡುವುದಿಲ್ಲ ಎಂಬುದೂ ಅಷ್ಟೇ ನಿಜ.

ತಗಡಿಗೆ ಮಾತು ಬಂದದ್ದು ಪ್ಯಾರಿಸಿನ ‘ಆತೆಲಿಯೇ 17’ ಕಾರ್ಯಾಗಾರದಲ್ಲಿ. ಅದನ್ನು ಕಟ್ಟಿದ ಸ್ಟ್ಯಾನ್ಲಿ ವಿಲಿಯಂ ಹೇಟರ್ (1901–1988) ರಸಾಯನಶಾಸ್ತ್ರ ಮತ್ತು ಭೂವಿಜ್ಞಾನ ಓದಿ, ಅಬಾದಾನಿನ ತೈಲ ಕಂಪನಿಯಲ್ಲಿ ದುಡಿದು, 1926ರಲ್ಲಿ ಪ್ಯಾರಿಸಿಗೆ ಬಂದವರು. ಕಾರ್ಯಾಗಾರ 1933ರಲ್ಲಿ ಕಾಂಪಾನ್ಯ್ ಪ್ರಮಿಯೇರ್ ಬೀದಿಯ ಹದಿನೇಳನೆಯ ಸಂಖ್ಯೆಯ ಮನೆಗೆ ಬದಲಾಯಿತು, ಹೆಸರು ಹುಟ್ಟಿದ್ದು ಆ ಸಂಖ್ಯೆಯಿಂದ. ಯುದ್ಧದ ಕಾಲದಲ್ಲಿ ನ್ಯೂಯಾರ್ಕಿಗೆ ವಲಸೆಹೋಗಿದ್ದ ಹೇಟರ್ 1950ರಲ್ಲಿ ಪ್ಯಾರಿಸಿಗೆ ಮರಳಿದರು. ಅಲ್ಲಿ ಹೊಸದಾಗಿ ಸೇರಿದವರಿಗೆ ಮೊದಲ ಕೆಲಸ, ಪೂರ್ವಯೋಜಿತ ಚಿತ್ರವಿಲ್ಲದೆ ಒಂದು ಪ್ರಯೋಗದ ತಗಡನ್ನು ಬೆಳೆಸುವುದು. ಬ್ಯೂರಿನ್ನಿನಲ್ಲಿ ಬಾಗುಗೆರೆ ಬೇಕಾದಾಗ ಕೈಯನ್ನಲ್ಲ, ತಗಡನ್ನೇ ತಿರುಗಿಸಬೇಕು. ಹೆಸರಾಂತ ಕಲಾವಿದರೂ ಹೊಸಬರೂ ಒಂದೇ ಮೇಜಿನ ಸುತ್ತ ದುಡಿಯುತ್ತಿದ್ದರು. ಪಾಠಕ್ರಮವೆಂಬುದು ಇತ್ತೇ ಎಂಬ ಸಂದೇಹ ಬರುವಷ್ಟು ಸಡಿಲವಾದ ವ್ಯವಸ್ಥೆ ಅದು. ತಗಡು ಮಾತ್ರ ಯಾರಿಗೂ ಸಡಿಲ ಕೊಡುತ್ತಿರಲಿಲ್ಲ.

ಇಲ್ಲಿಗೆ ಬಂದ ಕೃಷ್ಣ ರೆಡ್ಡಿ ಚಿತ್ತೂರಿನ ಬಳಿಯ ನಂದನೂರಿನವರು. ಶಾಂತಿನಿಕೇತನದಲ್ಲಿ ನಂದಲಾಲ ಬೋಸರ ಶಿಷ್ಯರಾಗಿದ್ದು, ಮದರಾಸಿನ ಕಲಾಕ್ಷೇತ್ರದಲ್ಲಿ ಕಲಿಸಿ, ಲಂಡನ್ನಿನ ಸ್ಲೇಡ್ ಶಾಲೆಯಲ್ಲಿ ಓದಿ, ಪ್ಯಾರಿಸಿನಲ್ಲಿ ಜಾಡ್ಕಿನ್ ಅವರ ಬಳಿಯೂ ಮಿಲಾನಿನಲ್ಲಿ ಮರೀನೋ ಮರೀನಿಯವರ ಬಳಿಯೂ ಶಿಲ್ಪ ಕಲಿತರು. ಈ ಹಿನ್ನೆಲೆ ಮುಖ್ಯ. ದೇ ಅವರು ತಗಡಿನೆದುರು ರೇಖಾಕಾರರಾಗಿ ಕುಳಿತರೆ, ರೆಡ್ಡಿಯವರು ಶಿಲ್ಪಿಯಾಗಿ ಕುಳಿತರು. ತಗಡಿನ ದಪ್ಪ ಕೆಲವು ಮಿಲಿಮೀಟರಿಗಿಂತ ಹೆಚ್ಚಿರದು. ಆ ಅಲ್ಪ ಆಳದಲ್ಲಿ ಬೆಟ್ಟ, ಕಣಿವೆ, ಇಳಿಜಾರುಗಳನ್ನು ಕಾಣುವ ಕಣ್ಣು ಅವರಿಗಿತ್ತು. ಆಮ್ಲದಿಂದ ಕೊರೆಯಿಸಿದ್ದಲ್ಲದೆ ಉಳಿ, ಹೆರೆಗತ್ತಿ, ಯಂತ್ರದ ಉಪಕರಣಗಳಿಂದಲೂ ತಗಡನ್ನು ಕಡೆದರು.

ವಿಸ್ಕಾಸಿಟಿ ಮುದ್ರಣವೆಂದು ಹೆಸರಾದ ಪದ್ಧತಿ ಈ ಕಣ್ಣಿನ ಫಲ. ಹೇಟರ್, ರೆಡ್ಡಿ ಮತ್ತು ಮತ್ತೊಬ್ಬ ಭಾರತೀಯ ಕೈಕೋ ಮೋತಿ ಇವರ ಜಂಟಿ ಪ್ರಯೋಗಗಳಿಂದ ಅದು ರೂಪುಗೊಂಡಿತು. ಸಾಮಾನ್ಯ ಇಂಟಾಲಿಯೋ ಮುದ್ರಣದಲ್ಲಿ ತಗ್ಗುಗಳಿಗೆ ಮಸಿ ತುಂಬಿ, ಮೇಲ್ಮೈಯನ್ನು ತೆಳು ಬಟ್ಟೆಯಿಂದಲೂ ಕೊನೆಗೆ ಅಂಗೈಯಿಂದಲೂ ಒರೆಸಿ, ತೇವದ ಕಾಗದವನ್ನಿಟ್ಟು ಪ್ರೆಸ್ಸಿನಲ್ಲಿ ಹಾಯಿಸುತ್ತಾರೆ. ಬಹುವರ್ಣ ಬೇಕಾದರೆ ಬಣ್ಣಕ್ಕೊಂದು ತಗಡು ಮಾಡುವುದು ರೂಢಿ. ವಿಸ್ಕಾಸಿಟಿ ಪದ್ಧತಿಯಲ್ಲಿ ತಗಡು ಒಂದೇ, ಪ್ರೆಸ್ಸಿನಲ್ಲಿ ಹಾಯುವುದೂ ಒಮ್ಮೆಯೇ. ತಗ್ಗುಗಳಲ್ಲಿ ಮಸಿ ಉಳಿದಿರುವಾಗಲೇ ಗಟ್ಟಿ ರೋಲರಿನಿಂದ ಎಣ್ಣೆ ಹೆಚ್ಚಿದ ತೆಳು ಬಣ್ಣವನ್ನು ಉಬ್ಬುಗಳ ನೆತ್ತಿಗಷ್ಟೇ ತಾಗಿಸುತ್ತಾರೆ. ಆಮೇಲೆ ಮೆದು ರೋಲರಿನಿಂದ ಎಣ್ಣೆ ಕಡಿಮೆಯ ಬಿಗಿ ಬಣ್ಣವನ್ನು ಉರುಳಿಸುತ್ತಾರೆ. ಮೆದು ರೋಲರ್ ತಗ್ಗಿನ ಹಂತಗಳಿಗೂ ಇಳಿಯುತ್ತದೆ, ಆದರೆ ಎಣ್ಣೆ ಹಚ್ಚಿದ ನೆತ್ತಿಗಳು ಬಿಗಿ ಬಣ್ಣವನ್ನು ಒಲ್ಲೆನ್ನುತ್ತವೆ. ಹೀಗೆ ಬಣ್ಣಗಳು ಪರಸ್ಪರ ಮಿಶ್ರವಾಗದೆ ಮಗ್ಗುಲುಮಗ್ಗುಲಾಗಿ ನಿಲ್ಲುತ್ತವೆ. ಕ್ರಮ ತಲೆಕೆಳಗಾದರೆ ಎಲ್ಲವೂ ಕಲೆಸಿಹೋಗುತ್ತದೆ.

‘ಸುಳಿ’ (1963) ಎಂಬ ಅವರ ಕೃತಿಯನ್ನು ಈ ದೃಷ್ಟಿಯಿಂದ ನೋಡಿದರೆ ಬಣ್ಣವನ್ನು ಆಕೃತಿಯ ಮೇಲೆ ಬಳಿದಂತೆ ಅನ್ನಿಸುವುದಿಲ್ಲ. ಆಳಕ್ಕೆ ಅನುಸಾರವಾಗಿ ಬಣ್ಣ ತಾನೇ ನೆಲೆ ಹುಡುಕಿಕೊಂಡಿದೆ, ಬೆಟ್ಟದ ನೀರು ಇಳಿಜಾರನ್ನು ಹುಡುಕಿಕೊಳ್ಳುವಂತೆ. ಸುಳಿಯನ್ನು ಚಿತ್ರಿಸುವುದಕ್ಕೂ ಸುಳಿಯ ನಿಯಮದಂತೆ ತಗಡನ್ನು ವರ್ತಿಸಗೊಡುವುದಕ್ಕೂ ವ್ಯತ್ಯಾಸವಿದೆ, ರೆಡ್ಡಿಯವರದು ಎರಡನೆಯದು. ಪ್ಯಾರಿಸಿನ ವಿದ್ಯಾರ್ಥಿ ಚಳವಳಿಯ ವರ್ಷದ ‘ಪ್ರತಿಭಟನಕಾರರು’ (1968) ಕೃತಿಯಲ್ಲಿಯೂ ಜನಸಮೂಹ ಗೆರೆಗಳ ಒಂದು ಒತ್ತಡವಾಗಿ ಮೂಡುತ್ತದೆ. ಮುಂದೆ ‘ಮಹಾ ವಿದೂಷಕ’ (1986) ಕೃತಿಯಲ್ಲಿ ಒಂದೇ ತಗಡಿನಿಂದ ಬಣ್ಣ ಬದಲಿಸುತ್ತ ಭಿನ್ನಭಿನ್ನ ಪ್ರತಿಗಳನ್ನು ತೆಗೆದರು. ಎಲ್ಲ ಪ್ರತಿಗಳೂ ಒಂದೇ ಆಗಿರಬೇಕೆಂಬ ಆವೃತ್ತಿಯ ಕಟ್ಟಳೆಗೆ ಇದು ಸದ್ದಿಲ್ಲದ ಉತ್ತರ.

ಆತೆಲಿಯೇ 17ರಲ್ಲಿ ಕಲಿತವರೆಲ್ಲರೂ ಬಣ್ಣದ ಕಡೆಗೇ ಹೋದರೆಂದಲ್ಲ. ಅಲಿಗಢದಲ್ಲಿ ಗಣಿತ ಓದಿ, 1964ರಿಂದ 1967ರವರೆಗೆ ಅಲ್ಲಿ ಅಭ್ಯಾಸ ಮಾಡಿದ ಜರೀನಾ (1937–2020) ಮುಂದೆ ಮರದ ಅಚ್ಚನ್ನು ಆರಿಸಿಕೊಂಡು, ಮನೆಯ ನಕ್ಷೆ, ಗಡಿರೇಖೆ, ಉರ್ದು ಅಕ್ಷರಗಳನ್ನು ಕಪ್ಪುಬಿಳುಪಿನ ಮಿತಿಯಲ್ಲಿ ಕೆತ್ತಿದರು. ಕಾರ್ಯಾಗಾರ ಕಲಿಸಿದ್ದು ಶೈಲಿಯನ್ನಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಭಾರತದ ಕಲಾಶಾಲೆಗಳಿಗೆ ವಿಸ್ಕಾಸಿಟಿ ಬಂದು ತಲಪಿದಾಗ ಆದದ್ದು ಬೇರೆ. ಪಠ್ಯಕ್ರಮದಲ್ಲಿ ಮರದ ಅಚ್ಚು, ಲಿನೋ, ಎಚ್ಚಿಂಗ್, ಆಕ್ವಾಟಿಂಟ್, ಲಿಥೋ ಎಂಬ ಸಾಲಿನ ಕೊನೆಯಲ್ಲಿ ಅದೂ ಒಂದು ಘಟಕವಾಯಿತು. ಇಷ್ಟು ಎಣ್ಣೆ, ಇಂಥ ರೋಲರ್, ಇಂಥ ಕ್ರಮ ಎಂದು ಟಿಪ್ಪಣಿ ಬರೆಯಿಸಿ, ತಂತ್ರಕ್ಕೊಂದು ಪ್ರತಿಯಂತೆ ಪರೀಕ್ಷೆಗೆ ಒಪ್ಪಿಸುವ ಪರಿಪಾಠದಲ್ಲಿ ತಗಡಿನೊಡನೆ ಕಾಲ ಕಳೆಯಲು ಅವಕಾಶ ಕಡಿಮೆ. ಆಳವಿಲ್ಲದ ತಗಡಿನ ಮೇಲೆ ಮೂರು ಬಣ್ಣ ಉರುಳಿಸಿದರೆ ಕಾಮನಬಿಲ್ಲು ಬರುತ್ತದೆ, ಕೃತಿ ಬರುವುದಿಲ್ಲ. ಹಾಗೆಂದು ದೋಷವನ್ನೆಲ್ಲ ಅಧ್ಯಾಪಕರ ಮೇಲೆ ಹೊರಿಸುವುದು ನ್ಯಾಯವಲ್ಲ. ತಾಮ್ರ ದುಬಾರಿ, ಸತುವೂ ಅಗ್ಗವಲ್ಲ. ಪದವಿ ಮುಗಿದ ಮೇಲೆ ವಿದ್ಯಾರ್ಥಿಗೆ ಪ್ರೆಸ್ ಸಿಗುವುದು ದುರ್ಲಭ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಂಥ ಸಂಸ್ಥೆಗಳ ಗ್ರಾಫಿಕ್ ವಿಭಾಗಗಳಿಂದ ಹೊರಬಂದವರಲ್ಲಿ ಎಷ್ಟು ಮಂದಿ ಅಚ್ಚುಕಲೆಯಲ್ಲಿಯೇ ಮುಂದುವರಿದರು, ಬಿಟ್ಟವರು ಏಕೆ ಬಿಟ್ಟರು ಎಂಬುದು ಸಂಶೋಧನೆಗೆ ಅರ್ಹವಾದ ವಿಷಯ. ಬಿಟ್ಟವರ ತಗಡುಗಳು, ಪ್ರೂಫುಗಳು, ಪ್ರಯೋಗದ ಟಿಪ್ಪಣಿಗಳು ಗ್ರಂಥಾಲಯಗಳಲ್ಲಿ ಶೇಖರವಾಗಬೇಕಾದ ಸಾಮಗ್ರಿ. ಅಂತಿಮ ಪ್ರತಿಯೊಂದನ್ನೇ ಕಾಪಾಡಿ ಹಂತದ ಪ್ರತಿಗಳನ್ನು ಕಸಕ್ಕೆಸೆಯುವ ಅಭ್ಯಾಸದಿಂದ ಕಲಿಕೆಯ ಚರಿತ್ರೆಯೇ ಅಳಿಸಿಹೋಗುತ್ತದೆ.

ಸೋಮನಾಥ ಹೋರ್ ಅವರ ದಾರಿ ಈ ಎರಡಕ್ಕಿಂತಲೂ ಭಿನ್ನ. ಚಿತ್ತಗಾಂಗ್ ಪ್ರದೇಶದಲ್ಲಿ ಹುಟ್ಟಿದ ಅವರ ಮೊದಲ ಪಾಠಶಾಲೆ 1943ರ ಬಂಗಾಳದ ಕ್ಷಾಮ. ಹಸಿದವರನ್ನು, ಸತ್ತವರನ್ನು ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗಾಗಿ ರೇಖಿಸಿದರು. 1946ರಲ್ಲಿ ಉತ್ತರ ಬಂಗಾಳದ ಗೇಣಿದಾರರ ತೇಭಾಗಾ ಹೋರಾಟವನ್ನು ದಿನಚರಿಯಲ್ಲಿಯೂ ರೇಖೆಗಳಲ್ಲಿಯೂ ದಾಖಲಿಸಿದರು. ಕಲ್ಕತ್ತದ ಸರ್ಕಾರಿ ಕಲಾಶಾಲೆಯಲ್ಲಿ ಜೈನುಲ್ ಅಬೆದಿನ್, ಹರೇನ್ ದಾಸ್ ಅವರ ಬಳಿ ಕಲಿತರು. ತಗಡಿನ ಕೆಲಸದಲ್ಲಿ ಬಹುಮಟ್ಟಿಗೆ ಸ್ವಂತ ಪ್ರಯೋಗದಿಂದ ಪಳಗಿ, 1958ರಿಂದ ದೆಹಲಿ ಪಾಲಿಟೆಕ್ನಿಕ್‌ನ ಗ್ರಾಫಿಕ್ ವಿಭಾಗವನ್ನು ಕಟ್ಟಿದರು, ಆಮೇಲೆ ಶಾಂತಿನಿಕೇತನದ ಕಲಾಭವನದ ಗ್ರಾಫಿಕ್ ವಿಭಾಗದ ಹೊಣೆ ಹೊತ್ತರು. ಅಧ್ಯಾಪಕರಾಗಿ ಇತರರಿಗೆ ಕಲಿಸುತ್ತಲೇ ತಾವೂ ಕಲಿತವರು ಅವರು. ಬಹುವರ್ಣದ ಇಂಟಾಲಿಯೋ ಅವರಿಗೆ ಚೆನ್ನಾಗಿಯೇ ತಿಳಿದಿತ್ತು. ತಿಳಿದೂ ಅದರಿಂದ ಹಿಂದೆ ಸರಿದದ್ದು ವಿಮರ್ಶೆಗೆ ಸವಾಲಾಗುವ ಸಂಗತಿ.

ದೇ ಅವರಿಗೆ ತಗಡು ಕಾಗದವಾಗಿತ್ತು, ರೆಡ್ಡಿಯವರಿಗೆ ನೆಲವಾಗಿತ್ತು. ಹೋರ್ ಅವರಿಗೆ ಅದು ಚರ್ಮವಾಯಿತು. ಆಮ್ಲ ತಿಂದ ಲೋಹ, ಗೀರು, ತೂತು ಇವು ಅವರ ಕಣ್ಣಿಗೆ ಗಾಯದ ಚಿತ್ರವಾಗಿ ಕಾಣಿಸಲಿಲ್ಲ, ಗಾಯವಾಗಿಯೇ ಕಾಣಿಸಿದವು. ಎಚ್ಚಿಂಗ್ ಕಲಿಸುವ ಎಲ್ಲ ಕಾರ್ಯಾಗಾರಗಳಲ್ಲಿಯೂ ಆಮ್ಲ ಲೋಹವನ್ನು ‘ಕಚ್ಚುತ್ತದೆ’ ಎಂಬ ಮಾತು ಬಳಕೆಯಲ್ಲಿದೆ. ವಿದ್ಯಾರ್ಥಿಗಳು ಅದನ್ನು ಪರಿಭಾಷೆಯಾಗಿ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಹೋರ್ ಅದರ ವಾಚ್ಯಾರ್ಥವನ್ನು ಹಿಡಿದರು. ಕ್ಷಾಮದ ದೇಹಗಳನ್ನು ಕಂಡಿದ್ದ ಕಣ್ಣಿಗೆ ಕಚ್ಚುವುದು ಎಂಬ ಕ್ರಿಯಾಪದ ಬರಿಯ ಪರಿಭಾಷೆಯಾಗಿ ಉಳಿಯುವುದು ಸಾಧ್ಯವಿರಲಿಲ್ಲ.

1970ರ ದಶಕದ ಆರಂಭದಲ್ಲಿ ಮೊದಲಾದ ‘ಗಾಯಗಳು’ ಸರಣಿಯಲ್ಲಿ ಅವರು ತಾಮ್ರವನ್ನೂ ಆಮ್ಲವನ್ನೂ ಮಸಿಯನ್ನೂ ಒಂದೊಂದಾಗಿ ಕೈಬಿಟ್ಟರು. ಜೇಡಿಮಣ್ಣಿನ ಹಲಗೆಯನ್ನು ಚಾಕುವಿನಿಂದಲೂ ಕಾಯಿಸಿದ ಕಡ್ಡಿಯಿಂದಲೂ ಸೀಳಿ, ಚುಚ್ಚಿ, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಆ ಅಚ್ಚಿನ ಮೇಲೆ ಕಾಗದದ ತಿರುಳನ್ನು ಒತ್ತಿ ಒಣಗಿಸಿದರು. ದೊರೆತದ್ದು ಬಿಳಿಯ ಮೇಲೆ ಬಿಳಿ. ಬೆಳಕು ಓರೆಯಾಗಿ ಬಿದ್ದಾಗಷ್ಟೇ ಸೀಳು ಕಾಣಿಸುತ್ತದೆ, ನೇರ ಬೆಳಕಿನಲ್ಲಿ ಹಾಳೆ ಬರಿದೆನ್ನಿಸುತ್ತದೆ. ಇದನ್ನು ಅಚ್ಚುಕಲೆಯೆನ್ನಬೇಕೋ ಶಿಲ್ಪವೆನ್ನಬೇಕೋ ಎಂಬ ವರ್ಗೀಕರಣದ ಚರ್ಚೆ ನಡೆಯುವುದುಂಟು. ಅದಕ್ಕಿಂತ ಉಪಯುಕ್ತವಾದ ಪ್ರಶ್ನೆ, ಎಚ್ಚಿಂಗಿನಿಂದ ಇಲ್ಲಿ ಉಳಿದದ್ದೇನು ಎಂಬುದು. ತಿರುವುಮುರುವು ಉಳಿದಿದೆ: ಮಣ್ಣಿನಲ್ಲಿ ತಗ್ಗಾದದ್ದು ಸಿಮೆಂಟಿನಲ್ಲಿ ಉಬ್ಬಾಗಿ, ಕಾಗದದಲ್ಲಿ ಮತ್ತೆ ತಗ್ಗಾಗುತ್ತದೆ. ಕಾಯುವಿಕೆ ಉಳಿದಿದೆ: ಫಲಿತಾಂಶ ಕಾಣುವುದು ಕೊನೆಯಲ್ಲಿ ಮಾತ್ರ. ಒತ್ತಡ ಉಳಿದಿದೆ. ಮಸಿ ಇಲ್ಲದ್ದರಿಂದ ಕಾಗದ ಗೆರೆಯನ್ನು ಹೊರುವ ನೆಲೆಯಾಗಿ ಉಳಿಯದೆ ತಾನೇ ಗೆರೆಯಾಗಿದೆ.

ಈ ಹಾಳೆಗಳನ್ನು ಪುಸ್ತಕಗಳಲ್ಲಿ ಮುದ್ರಿಸುವುದು ಕಷ್ಟ. ಸಾಮಾನ್ಯ ಛಾಯಾಚಿತ್ರದಲ್ಲಿ ಅವು ಮಸುಕು ಬೂದು ಆಯತಗಳಾಗಿ ಬಿಡುತ್ತವೆ, ಕಾಂಟ್ರಾಸ್ಟ್ ಹೆಚ್ಚಿಸಿದರೆ ಇಲ್ಲದ ಕಪ್ಪು ಬಂದು ಸೇರಿಕೊಳ್ಳುತ್ತದೆ. ಪ್ರತಿಕೃತಿಯ ಉಪಕರಣವಾಗಿ ಈ ದೇಶಕ್ಕೆ ಬಂದ ವಿದ್ಯೆಯೊಂದು ಹೋರ್ ಅವರ ಕೈಯಲ್ಲಿ ಪ್ರತಿಕೃತಿಗೆ ದಕ್ಕದ ವಸ್ತುವಾಗಿ ಮಾರ್ಪಟ್ಟಿತು. ಅವುಗಳನ್ನು ಅಭ್ಯಾಸ ಮಾಡಬಯಸುವ ವಿದ್ಯಾರ್ಥಿ ಮೂಲ ಹಾಳೆ ಇರುವ ಕೋಣೆಗೇ ಹೋಗಿ, ದೀಪವನ್ನು ಮಗ್ಗುಲಿಗೆ ಸರಿಸಿಕೊಂಡು ನೋಡಬೇಕಾಗುತ್ತದೆ.